ಇಳಿವಯಸ್ಸಿನ ಆಶಾಭಾವ ಮತ್ತು ಹೃದಯದ ಆರೋಗ್ಯ

ಬೇಸಾಯವನ್ನು ಮಗನ ಕೈಗೊಪ್ಪಿಸಿ, 'ಇನ್ನು ನನ್ನದೇನಿದೆ' ಎಂದು ಜಗಲಿ ಹಿಡಿಯುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಈ ಮನೋಭಾವಕ್ಕೂ ಹೃದಯಕ್ಕೂ ಸಂಬಂಧವಿರುವುದು ಕಂಡುಬಂದಿದೆ.

ನೆದರ್ಲೆಂಡ್ಸ್ ದೇಶದ ಜುಟ್‌ಫೆನ್ ಪಟ್ಟಣದಲ್ಲಿ 1985ರಲ್ಲಿ 64ರಿಂದ 84 ವರ್ಷದ, ಹೃದ್ರೋಗವಾಗಲಿ ಕ್ಯಾನ್ಸರ್ ಆಗಲಿ ಇಲ್ಲದ 545 ಗಂಡಸರನ್ನು ಆರಿಸಿಕೊಳ್ಳಲಾಯಿತು. ಬದುಕಿನಿಂದ ಇನ್ನೂ ಏನನ್ನಾದರೂ ನಿರೀಕ್ಷಿಸುತ್ತೀರಾ, ಮುಂದೆ ಮಾಡಬೇಕೆಂದಿರುವ ಕೆಲಸಗಳಿವೆಯೇ, ಹೊತ್ತು ಹೋಗುವುದೇ ಕಷ್ಟವಾಗಿದೆಯೇ ಎಂಬಂಥ ಪ್ರಶ್ನೆ ಕೇಳಿ, 15 ವರ್ಷ ಅವರನ್ನು ಗಮನಿಸಲಾಯಿತು. ಆಶಾಭಾವ ಹೆಚ್ಚಿದ್ದವರಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವ ಸಂಭವ, ಅದು ಕಡಿಮೆಯಿದ್ದವರಿಗಿಂತ ಸುಮಾರು ಅರ್ಧದಷ್ಟಿತ್ತು. ಈ ಫಲಿತಾಂಶ 2006ರಲ್ಲಿ ಪ್ರಕಟವಾಯಿತು.

ಆದರೆ ಇಲ್ಲೊಂದು ಎಚ್ಚರ ಬೇಕು. ನಮ್ಮ ಪ್ರಯೋಗದಲ್ಲಿ ಒಂದು ತಾಕಿಗೆ ಗೊಬ್ಬರ ಕೊಟ್ಟು, ಪಕ್ಕದ್ದಕ್ಕೆ ಕೊಡದೆ ಬಿಟ್ಟು ಇಳುವರಿ ತೂಗುತ್ತೇವೆ. ಆಶಾಭಾವವನ್ನು ಹಾಗೆ ಮನುಷ್ಯರಿಗೆ ಅಳೆದು ಹಾಕಲಾಗದು. ಇದೇ ಹಿರಿಯರಲ್ಲಿ ಆಶಾಭಾವದವರು ಹೆಚ್ಚು ಓಡಾಡುತ್ತಿದ್ದರು, ಹಣ್ಣು ತರಕಾರಿ ಹೆಚ್ಚು ತಿನ್ನುತ್ತಿದ್ದರು, ಅವರಲ್ಲಿ ಧೂಮಪಾನ ಕಡಿಮೆಯಿತ್ತು ಎಂದೂ ತಿಳಿದುಬಂದಿದೆ. ಲಾಭದಲ್ಲಿ ಇವುಗಳ ಪಾಲೂ ಇರಬಹುದು.

ಹಿರಿಯರಿಗೆ 'ಧೈರ್ಯವಾಗಿರಿ' ಎಂಬ ಬಾಯಿಮಾತಷ್ಟೇ ಸಾಲದು. ಬಿತ್ತನೆ ಬೀಜ ಆರಿಸುವುದು, ಸಸಿಮಡಿಯ ಉಸ್ತುವಾರಿ, ಕೈತೋಟ ಇವನ್ನು ಅವರಿಗೇ ಬಿಟ್ಟು, ಆ ವಿಷಯದಲ್ಲಿ ಅವರ ಮಾತಿನಂತೆ ನಡೆಯಿರಿ. ಬೀಡಿ ಬಿಡಿಸಿರಿ. ಮನಸ್ಸು ಗಟ್ಟಿಯಿದೆಯೆಂದು ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಕೂಡದು. ಎದೆ ಹಿಂಡಿದಂತಾಗಿ ಮೈ ಬೆವರಿದರೆ, ಗ್ಯಾಸ್ ಇರಬಹುದೆಂದು ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿರಿ.