ಒಗರು ಮಾಗುವ ತನಕ

ವೈನನ್ನು ‘ಮೈತುಂಬಿದ್ದು’ ಎಂದು ಬಣ್ಣಿಸಿದಾಗ ಅದು ಹೆಚ್ಚು ಅಮಲೇರಿಸುತ್ತದೆಂದು ಭಾವಿಸುವವರುಂಟು. ಆದರೆ ಆ ಮಾತು ಮುಖ್ಯವಾಗಿ ಸೂಚಿಸುವುದು ಬಾಯಿಗೆ ಸಿಗುವ ತೂಕವನ್ನು, ಅಂದರೆ ನೀರುಮಜ್ಜಿಗೆಗೂ ಗಟ್ಟಿ ಮಜ್ಜಿಗೆಗೂ ನಾಲಿಗೆ ತಾನಾಗಿ ಕಂಡುಕೊಳ್ಳುವಂಥ ವ್ಯತ್ಯಾಸವನ್ನು. ಮದ್ಯಸಾರದ ಜೊತೆಗೆ ಕೆಂಪು ವೈನಿಗೆ ಈ ತೂಕವನ್ನು ಕೊಡುವುದು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಲ್ಲಿರುವ ಈ ವಸ್ತು ಜೊಲ್ಲಿನ ಪ್ರೋಟೀನುಗಳೊಡನೆ ಬೆರೆತು, ಹಸಿ ಅಡಿಕೆ ಅಗಿದಾಗಿನಂತೆ ಬಾಯನ್ನು ಒಣಗಿಸುತ್ತದೆ. ಕನ್ನಡದಲ್ಲಿ ಇದಕ್ಕೆ ‘ಒಗರು’ ಎಂಬ ಹೆಸರು ಮೊದಲೇ ಇದೆ.

ಈ ಒಗರಿಗೆ ಹೆಸರಾದ ತಳಿಗಳಲ್ಲಿ ಮೂರ್ವೆದ್ರ್ ಒಂದು. ಸ್ಪೇನ್ ಮೂಲದ, ದಪ್ಪ ಸಿಪ್ಪೆಯ, ತಡವಾಗಿ ಹಣ್ಣಾಗುವ ಈ ಬಳ್ಳಿಗೆ ದೀರ್ಘ ಬಿಸಿಲು ಬೇಕಾದುದರಿಂದ, ಫ್ರಾನ್ಸಿನಲ್ಲಿ ಅದಕ್ಕೆ ಚೆನ್ನಾಗಿ ಒಗ್ಗಿದ್ದು ಮೆಡಿಟರೇನಿಯನ್ ತೀರದಲ್ಲಿ, ಮಾರ್ಸೇ ಮತ್ತು ತೂಲೋನ್ ನಗರಗಳ ನಡುವಣ ಬಾಂದೋಲ್ ಪ್ರದೇಶ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿದಾಗ ಬಾಂದೋಲ್ ಕೂಡ ಉಳಿಯಲಿಲ್ಲ. ಮದ್ದೂ ಅಮೆರಿಕದಿಂದಲೇ ಬಂತು: ಆ ಹೇನನ್ನು ತಾಳಿಕೊಳ್ಳಬಲ್ಲ ಅಲ್ಲಿನ ಬಳ್ಳಿಗಳ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟುವುದು ರೂಢಿಯಾಯಿತು. ಆದರೆ ಮರುನಾಟಿಯ ಹೊತ್ತಿಗೆ ಬೆಳೆಗಾರರು ಹೆಚ್ಚು ಫಸಲು ಕೊಡುವ ತಳಿಗಳತ್ತ ತಿರುಗಿದ್ದರಿಂದ ಮೂರ್ವೆದ್ರ್ ಮೂಲೆಗೆ ಸರಿಯಿತು.

ಅದು ಮರಳಿ ಬಂದುದರ ಹಿಂದೆ ದೊಮೇನ್ ತಾಂಪಿಯೆ ಎಂಬ ಕುಟುಂಬದ ತೋಟದ ಹಟವಿದೆ. 1834ರಿಂದ ತಾಂಪಿಯೆ ಮನೆತನದಲ್ಲಿದ್ದ ಈ ತೋಟದ ಮಗಳು ಲೂಸಿಯನ್ನು 1936ರಲ್ಲಿ ಮದುವೆಯಾದ ಲೂಸಿಯೆನ್ ಪೇರೋ, ಹಳೆಯ ತಳಿಯನ್ನೇ ಮತ್ತೆ ನೆಡಬೇಕೆಂದು ಹಿಡಿದ ಪಟ್ಟು ಬಿಡಲಿಲ್ಲ. 1941ರಲ್ಲಿ ಬಾಂದೋಲ್‌ಗೆ ಎಒಸಿ, ಅಂದರೆ ಊರಿನ ಹೆಸರನ್ನು ನಿಯಮಬದ್ಧ ಬೇಸಾಯಕ್ಕೆ ಕಟ್ಟಿಹಾಕುವ ಸರ್ಕಾರಿ ಮಾನ್ಯತೆ, ದೊರೆತದ್ದರಲ್ಲೂ ಅವರ ಪಾತ್ರವಿತ್ತು. ಕೆಂಪು ವೈನಿನಲ್ಲಿ ಇರಬೇಕಾದ ಮೂರ್ವೆದ್ರ್ ಪಾಲು ಹಂತಹಂತವಾಗಿ ಏರಿ, ಇಂದು ಕನಿಷ್ಠ ಅರ್ಧದಷ್ಟಾಗಿದೆ.

ಆ ನಿಯಮಗಳು ಸಡಿಲವಾದವೇನಲ್ಲ. ಹೆಕ್ಟೇರಿಗೆ ಕನಿಷ್ಠ 5,000 ಬಳ್ಳಿಗಳಿರಬೇಕು, ತೆಗೆಯುವ ವೈನ್ ಮಾತ್ರ 4,000 ಲೀಟರಿನ ಆಸುಪಾಸಿನಲ್ಲಿ ನಿಲ್ಲಬೇಕು. ಲೆಕ್ಕ ಹಾಕಿದರೆ ವರ್ಷವಿಡೀ ಬೆಳೆದ ಒಂದು ಬಳ್ಳಿಯ ಪಾಲಿಗೆ ಬರುವುದು ಹೆಚ್ಚುಕಡಿಮೆ ಒಂದೇ ಬಾಟಲಿ. ಕಲ್ಲುಗೋಡೆ ಕಟ್ಟಿ ಗುಡ್ಡದ ಇಳಿಜಾರನ್ನು ಮೆಟ್ಟಿಲು ಮಾಡಿದ ತಾಕುಗಳಲ್ಲಿ ಗೊಂಚಲನ್ನು ಕೈಯಿಂದಲೇ ಕೊಯ್ದು, ಸಿಪ್ಪೆಸಮೇತ ಹುದುಗಿಸಿದ ಮೇಲೆ, ಕೆಂಪು ವೈನನ್ನು ಕನಿಷ್ಠ 18 ತಿಂಗಳು ಮರದಲ್ಲಿಡುವುದು ಕಡ್ಡಾಯ. ತಾಂಪಿಯೆಯವರು ಇದಕ್ಕೆ ಬಳಸುವುದು ಓಕ್ ಮರದ ಭಾರಿ ಪೀಪಾಯಿಗಳನ್ನು. ಚಿಕ್ಕ ಹೊಸ ಪೀಪಾಯಿಯಲ್ಲಿ ಮರದ ವಾಸನೆ ಹಣ್ಣಿನ ರುಚಿಯನ್ನು ಮುಚ್ಚಿಬಿಡುತ್ತದೆ. ದೊಡ್ಡದರಲ್ಲಿ ಮರಕ್ಕೆ ತಾಗುವ ವೈನಿನ ಪಾಲು ಕಡಿಮೆಯಾಗಿ, ಗಾಳಿ ಮಾತ್ರ ಮೆಲ್ಲನೆ ಒಳಸೇರಿ ಒಗರಿನ ಮೊನೆಯನ್ನು ಮೊಂಡು ಮಾಡುತ್ತದೆ. ಬಾಟಲಿಗೆ ಬಿದ್ದ ಮೇಲೂ ಈ ಮಾಗುವಿಕೆ ವರ್ಷಗಟ್ಟಲೆ ಸಾಗುವುದರಿಂದ, ಎಳೆಯ ಬಾಂದೋಲನ್ನು ಕುಡಿದು ತೀರ್ಪು ಕೊಡುವುದು ಆತುರವೇ ಸರಿ.

ಆದರೆ ಮಾರುಕಟ್ಟೆಗೆ ಅಷ್ಟು ತಾಳ್ಮೆಯಿಲ್ಲ. ಇಂದು ಬಾಂದೋಲ್‌ನಲ್ಲಿ ತಯಾರಾಗುವ ವೈನಿನ ದೊಡ್ಡ ಪಾಲು ಕೆಂಪಲ್ಲ, ಕೊಯ್ಲಾದ ಕೆಲವೇ ತಿಂಗಳಲ್ಲಿ ಮಾರಾಟಕ್ಕೆ ಬರುವ ತಿಳಿಗುಲಾಬಿ ಬಣ್ಣದ ರೋಸೆ.