ಜಾಹೀರಾತಿಗಾಗಿ ಊದಿದ ಸೀಟಿ

ಆಟದಲ್ಲಿ ತಪ್ಪೇ ಆಗಿಲ್ಲ, ಆದರೂ ರೆಫರಿ ಸೀಟಿ ಊದಿದರು! ಯಾಕೆ? ಟಿವಿಯವರಿಗೆ ಜಾಹೀರಾತು ಹಾಕಬೇಕಿತ್ತು! ನಮ್ಮ ಹುಲಿಹೈದರದಲ್ಲಿ ಕೂತು ಇದನ್ನು ಓದಿದಾಗ ಕಣ್ಣರಳಿತು. 1967ರ ಮೇ ತಿಂಗಳು, ಅಮೆರಿಕದ ಸಿಬಿಎಸ್ ಚಾನೆಲ್ ತೋರಿಸಿದ ಟೊರಾಂಟೊ–ಪಿಟ್ಸ್‌ಬರ್ಗ್ ಫುಟ್‌ಬಾಲ್ ಪಂದ್ಯ. ರೆಫರಿ ಪೀಟರ್ ರೋಡ್ಸ್ ಕೊಟ್ಟ 21 ಫೌಲ್‌ಗಳಲ್ಲಿ 11 ಜಾಹೀರಾತಿಗೆ ಜಾಗ ಮಾಡಿಕೊಡಲೆಂದೇ ಕೊಟ್ಟವು. ಹಾಗೆಂದು ಅವರೇ ಒಪ್ಪಿಕೊಂಡರು!

ಕ್ರಿಕೆಟ್ಟಿನಲ್ಲಿ ಓವರ್ ಮುಗಿದರೆ ಬಿಡುವು ಸಿಗುತ್ತದೆ. ಫುಟ್‌ಬಾಲ್ ಹಾಗಲ್ಲ, 45 ನಿಮಿಷ ಓಡುತ್ತಲೇ ಇರುತ್ತದೆ. ಜಾಹೀರಾತಿನ ದುಡ್ಡಿನಲ್ಲೇ ಬದುಕುವ ಅಮೆರಿಕದ ಟಿವಿಗೆ ಈ ಓಟವೇ ತಲೆನೋವು. ಆದರೂ 1975ರ ಜೂನ್ 15ರಂದು ಅದೇ ಸಿಬಿಎಸ್ ಮತ್ತೆ ಕ್ಯಾಮೆರಾ ಹೊತ್ತು ಬಂತು. ನ್ಯೂಯಾರ್ಕ್ ಕಾಸ್ಮಾಸ್ ತಂಡಕ್ಕೆ ಪೆಲೆ ಆಡುವ ಮೊದಲ ಪಂದ್ಯವಲ್ಲವೇ! ಟಿವಿಯಲ್ಲಿ ಚೆನ್ನಾಗಿ ಕಾಣಲೆಂದು ಹುಲ್ಲಿಲ್ಲದ ನೆಲಕ್ಕೆ ಹಸಿರು ಬಣ್ಣ ಬಳಿದಿದ್ದರಂತೆ!

ಇನ್ನೂ ದೊಡ್ಡ ಅಚ್ಚರಿ ನಮ್ಮ ಕಡೆಯೇ ಇದೆ. ಆಗ ಹುಲಿಹೈದರ ರಾಯಚೂರು ಜಿಲ್ಲೆಗೆ ಸೇರಿತ್ತು. ಪೆಲೆ ಆಡಿ ಎರಡು ತಿಂಗಳೂ ತುಂಬಿರಲಿಲ್ಲ. ಆಗಸ್ಟ್ 1ರಂದು ಅಮೆರಿಕದ್ದೇ ಉಪಗ್ರಹ ಎಟಿಎಸ್-6ರಿಂದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಿಗೆ ಟಿವಿ ಇಳಿಯಿತು! ಸೈಟ್ ಎಂಬ ಆ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ನಡೆಯಿತು. ಕೋಳಿಗೂಡಿನ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಎದುರಿಗೆ ಇಡೀ ಊರು! ಬಿತ್ತನೆಯ ಮಾತು, ಆರೋಗ್ಯದ ಮಾತು, ಮಕ್ಕಳಿಗೆ ಪಾಠ. ಅದೂ ಕನ್ನಡದಲ್ಲಿ, ಒಂದೂ ಜಾಹೀರಾತಿಲ್ಲದೆ! ತನ್ನ ಮನೆಯಲ್ಲಿ ಜಾಹೀರಾತಿಗಾಗಿ ಆಟವನ್ನೇ ನಿಲ್ಲಿಸಿದ ದೇಶದ ಉಪಗ್ರಹವದು. ನನಗೆ ಪೆಲೆಯ ಪಂದ್ಯಕ್ಕಿಂತ ಇದೇ ದೊಡ್ಡದು.

ಅಮೆರಿಕದ ತಲೆನೋವಿಗೆ ಮದ್ದು ಸಿಕ್ಕಿದ್ದು 1994ರಲ್ಲಿ, ವಿಶ್ವಕಪ್ ಅಲ್ಲೇ ನಡೆದಾಗ. ಇಎಸ್‌ಪಿಎನ್ ಮತ್ತು ಎಬಿಸಿ ಆಟದ ನಡುವೆ ಜಾಹೀರಾತು ತೂರಿಸಲಿಲ್ಲ. ಗಡಿಯಾರ, ಸ್ಕೋರು ಎರಡನ್ನೂ ಪರದೆಯ ಮೂಲೆಯಲ್ಲಿ ಕೂರಿಸಿ, ಪಕ್ಕದಲ್ಲೇ ಕಂಪನಿಯ ಗುರುತು ತೋರಿಸಿದವು! ಮೂಲೆಯ ಆ ಪಟ್ಟಿಯನ್ನು ಇಂಗ್ಲೆಂಡಿನ ಸ್ಕೈ ಚಾನೆಲ್ 1992ರಲ್ಲೇ ತಂದಿತ್ತು. ಅಮೆರಿಕ ಅದರಲ್ಲಿ ತನ್ನ ದುಡ್ಡಿನ ದಾರಿ ಕಂಡುಕೊಂಡಿತು. ಆಟ ಓಡುತ್ತಲೇ ಇತ್ತು, ದುಡ್ಡೂ ಬಂತು.

ಇವತ್ತು ಕಬಡ್ಡಿಯಿರಲಿ, ಕ್ರಿಕೆಟ್ಟಿರಲಿ, ಆ ಪಟ್ಟಿಯಿಲ್ಲದ ನೇರಪ್ರಸಾರವೇ ಇಲ್ಲ. ಮುಂದಿನ ಪಂದ್ಯ ನೋಡುವಾಗ ಒಮ್ಮೆ ಆ ಮೂಲೆಯತ್ತ ಕಣ್ಣು ಹಾಯಿಸಿ.