ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ

ಎಲ್ಲಾದರೂ ಬಾಂಬು ಸಿಡಿದರೆ ಮಂಡ್ಯದ ಪೇಟೆಬೀದಿಯಲ್ಲಾಗಲಿ, ಮದ್ದೂರು, ಮಳವಳ್ಳಿಯ ಬಸ್ ಸ್ಟ್ಯಾಂಡಿನಲ್ಲಾಗಲಿ ಕೇಳಿಬರುವ ಮಾತು ಒಂದೇ. 'ಅನುಮಾನ ಬಂದೋರನ್ನೆಲ್ಲ ಹಿಡಿದು ಒಳಗೆ ಹಾಕ್ಬೇಕು ಸ್ವಾಮಿ, ಆಗ ಬುದ್ಧಿ ಬರ್ತದೆ!' ಸಿಟ್ಟು ಸಹಜ. ಆದರೆ ಹಾಗೆ ಎಲ್ಲರನ್ನೂ ಒಳಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಳವಳ್ಳಿ ದಾಟಿ, ಕಾವೇರಿ ದಾಟಿ, ಕೊಳ್ಳೇಗಾಲದ ಆಚೆ ಮಾದಪ್ಪನ ಬೆಟ್ಟದ ದಾರಿ ಹಿಡಿದರೆ ಸಾಕು. ಜಾತ್ರೆಗೆ ನಮ್ಮ ಜಿಲ್ಲೆಯ ಜನ ನಡೆದು ಹೋಗುವ ದಾರಿಯೇ ಅದು.

ಪೊಲೀಸರ ರಕ್ತ ಹರಿದ ಕಾಲ

ಮೊದಲು ಪೊಲೀಸರ ಕಷ್ಟವನ್ನೂ ಹೇಳಬೇಕು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಮೋಸದಿಂದ ಕರೆಸಿಕೊಂಡು ಕೊಂದ. 1992ರಲ್ಲಿ ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರ ಪ್ರಾಣ ತೆಗೆದ. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್ಪಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಷಕೀಲ್ ಅಹಮದ್ ಮತ್ತು ಅವರ ಸಿಬ್ಬಂದಿ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಇಷ್ಟಾದ ಮೇಲೆ ಸರ್ಕಾರ ಕೈಕಟ್ಟಿ ಕೂರಲು ಸಾಧ್ಯವಿರಲಿಲ್ಲ. ಕೂರಲೂ ಬಾರದಾಗಿತ್ತು.

ಆಗ ಸರ್ಕಾರದ ಕೈಯಲ್ಲಿದ್ದ ಅಸ್ತ್ರ ಟಾಡಾ ಕಾಯ್ದೆ. ಎಸ್ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗುತ್ತಿತ್ತು. ಆರೋಪಿ ತಪ್ಪು ಮಾಡಿಲ್ಲ ಎಂದು ಜಡ್ಜಿಗೆ ಅನ್ನಿಸುವವರೆಗೆ ಜಾಮೀನಿಲ್ಲ. ಭಯೋತ್ಪಾದಕನಿಗೆ ಆಶ್ರಯ ಕೊಟ್ಟವನಿಗೆ ಕನಿಷ್ಠ 5 ವರ್ಷ ಸಜೆ.

ಇನ್ನು ಕಾಡಂಚಿನ ಹಳ್ಳಿಯವನ ಗತಿ ನೋಡಿ. ರಾತ್ರಿ ಬಂದೂಕು ಹಿಡಿದವರು ಬಾಗಿಲು ಬಡಿದು ಅಕ್ಕಿ ಕೇಳುತ್ತಾರೆ. ಕೊಡದಿದ್ದರೆ ಪ್ರಾಣ ಹೋಗುತ್ತದೆ. ಬೆಳಗ್ಗೆ ಜೀಪು ಬರುತ್ತದೆ. 'ಯಾಕೋ ಕೊಟ್ಟೆ?' ಅತ್ತ ದರಿ, ಇತ್ತ ಪುಲಿ. ಅಂಗಡಿ ಇಟ್ಟವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ. ಸಾಮಾನು ಕಟ್ಟಿಸಿಕೊಂಡು ಹೋದವನು ಅದನ್ನು ಯಾರಿಗೆ ಕೊಟ್ಟ ಎಂದು ಯಾವ ಅಂಗಡಿಯವನಿಗೆ ಗೊತ್ತಿರುತ್ತದೆ?

ಹೀಗೆ ನೂರಕ್ಕೂ ಹೆಚ್ಚು ಜನ ಟಾಡಾ ಆರೋಪಿಗಳಾದರು. ಆಗ ಕೊಳ್ಳೇಗಾಲ ಮೈಸೂರು ಜಿಲ್ಲೆಯಲ್ಲೇ ಇತ್ತು. ಕೇಸು ನಡೆದದ್ದೂ ಮೈಸೂರಿನಲ್ಲಿ. 1995ರ ಮೇ ತಿಂಗಳಲ್ಲಿ ಟಾಡಾ ಕಾಯ್ದೆಯೇ ಕಾಲವಾಯಿತು. ಆದರೆ ಹಳೇ ಕೇಸುಗಳು ಸಾಯಲಿಲ್ಲ. ಕಾಯ್ದೆ ಸತ್ತರೂ ಖೈದಿಗೆ ಬಿಡುಗಡೆಯಿಲ್ಲ!

ಮಗನನ್ನು ಕಳೆದುಕೊಂಡ ತಂದೆ

2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ವರನಟ ಡಾ. ರಾಜ್‌ಕುಮಾರ್ ಅಪಹರಣವಾಯಿತು. ನಾಡೇ ಸ್ತಬ್ಧವಾಯಿತು. ವೀರಪ್ಪನ್ ಬೇಡಿಕೆಗಳಲ್ಲಿ ಟಾಡಾ ಬಂದಿಗಳ ಬಿಡುಗಡೆಯೂ ಒಂದು. ವರ್ಷಗಟ್ಟಲೆ 'ಇವರು ಅಪಾಯಕಾರಿಗಳು' ಎಂದು ಹೇಳುತ್ತಿದ್ದ ಸರ್ಕಾರ ಕೆಲವೇ ದಿನಗಳಲ್ಲಿ ಟಾಡಾ ಆರೋಪ ಕೈಬಿಡಲು ಮುಂದಾಯಿತು.

ಆಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು ಅಬ್ದುಲ್ ಕರೀಂ. ಮೈಸೂರಿನ ನಿವೃತ್ತ ಪೊಲೀಸ್ ಅಧಿಕಾರಿ. ಮೀಣ್ಯಂ ದಾಳಿಯಲ್ಲಿ ಸತ್ತ ಷಕೀಲ್ ಅಹಮದ್ ಅವರ ತಂದೆ. ರಾಜಣ್ಣ ಇನ್ನೂ ಕಾಡಿನಲ್ಲಿದ್ದರು. ಜನರ ಸಿಟ್ಟು ಯಾವ ಕಡೆ ತಿರುಗೀತು ಎಂದು ಹೇಳಲಾಗದ ದಿನಗಳವು. ಅಂಥ ಹೊತ್ತಿನಲ್ಲಿ ಆ ಮುದುಕರು ನಿಂತರು. ಅದೇ ನವೆಂಬರ್ 7ರಂದು ಕೋರ್ಟು ಅವರ ಮಾತನ್ನು ಎತ್ತಿಹಿಡಿಯಿತು. ಕೇಸು ವಾಪಸು ತೆಗೆದುಕೊಳ್ಳಬೇಕಾದರೆ ಸರ್ಕಾರಿ ವಕೀಲರು ತಾವೇ ವಿಚಾರ ಮಾಡಬೇಕು, ಅದು ಸಾರ್ವಜನಿಕ ಹಿತಕ್ಕೆ ಒಳ್ಳೆಯದೇ ಎಂದು ನೋಡಬೇಕು. ಒತ್ತಡಕ್ಕೆ ಬಗ್ಗುವುದಲ್ಲ ಎಂಬುದು ತೀರ್ಪಿನ ಸಾರ. ಒಂದು ವಾರದ ಮೇಲೆ, ನವೆಂಬರ್ 15ರಂದು, ರಾಜ್‌ಕುಮಾರ್ ಸುರಕ್ಷಿತವಾಗಿ ಹೊರಬಂದರು.

ಬಂದಿಗಳ ವಿಚಾರಣೆ ಮುಂದುವರಿಯಿತು. 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಿತು. ಕೆಲವರಿಗೆ ಶಿಕ್ಷೆಯಾಯಿತು. ನೂರಕ್ಕೂ ಹೆಚ್ಚು ಜನ ನಿರಪರಾಧಿಗಳೆಂದು ಬಿಡುಗಡೆಯಾದರು! ಅವರಲ್ಲಿ ಹಲವರು ಅಷ್ಟು ಹೊತ್ತಿಗೆ ಏಳೆಂಟು ವರ್ಷ ಜೈಲಿನಲ್ಲಿ ಕಳೆದಿದ್ದರು. ಹೊಲ ಬೀಳು ಬಿದ್ದದ್ದಕ್ಕೆ, ಮಕ್ಕಳು ಅಪ್ಪನ ಮುಖ ಕಾಣದೆ ಬೆಳೆದದ್ದಕ್ಕೆ ಲೆಕ್ಕ ಕೊಡುವವರು ಯಾರು?

ಸರ್ಕಾರ ಎರಡು ಸಲ ಎಡವಿತು. ಹಿಡಿಯುವಾಗ ಜೊಳ್ಳು ಕಾಳು ನೋಡಲಿಲ್ಲ, ಬಿಡಲು ಹೊರಟಾಗಲೂ ನೋಡಲಿಲ್ಲ. ಕೊನೆಗೆ ಮೊರ ಹಿಡಿದು ಕೇರಿದ್ದು ಕೋರ್ಟು. ಆದರೆ ಎಷ್ಟು ತಡ!

ಹೊಡೆದರೆ ಬಾಯಿ ಬಿಡುತ್ತಾರೆಯೇ?

ವಿಶೇಷ ಕಾರ್ಯಪಡೆಯ ಮೇಲೆ ಎರಡೂ ರಾಜ್ಯಗಳ ಹಳ್ಳಿಗರು ದೂರಿನ ಮೇಲೆ ದೂರು ಕೊಟ್ಟರು. ಅಕ್ರಮ ಬಂಧನ, ಚಿತ್ರಹಿಂಸೆ, ಹೆಂಗಸರ ಮೇಲೆ ದೌರ್ಜನ್ಯ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಲು ಆಯೋಗ ಹೇಳಿತು.

ಇಷ್ಟು ಜನರನ್ನು ಹಿಡಿದದ್ದಕ್ಕೆ ವೀರಪ್ಪನ್ ಸಿಕ್ಕನೇ? ಇಲ್ಲ. 2004ರ ಅಕ್ಟೋಬರ್ 18ರಂದು ಕಣ್ಣಿನ ಚಿಕಿತ್ಸೆಗೆ ಹೊರಟವನನ್ನು ಆಂಬ್ಯುಲೆನ್ಸ್ ವೇಷದ ವ್ಯಾನಿಗೆ ಹತ್ತಿಸಿಕೊಂಡು ತಮಿಳುನಾಡು ಕಾರ್ಯಪಡೆ ಕಥೆ ಮುಗಿಸಿತು. ಕೆಲಸ ಮಾಡಿದ್ದು ಗುಟ್ಟಿನ ಮಾಹಿತಿ, ತಾಳ್ಮೆ. ಮಾಹಿತಿ ಕೊಡುವವನು ಜನಸಾಮಾನ್ಯ. ಒಮ್ಮೆ ಠಾಣೆಯಲ್ಲಿ ಒದೆ ತಿಂದವನು ಮತ್ತೊಮ್ಮೆ ಪೊಲೀಸರಿಗೆ ಸುದ್ದಿ ಮುಟ್ಟಿಸುತ್ತಾನೆಯೇ?

2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿಯಿತು. ಸಿಸಿಟಿವಿ ಚಿತ್ರಗಳನ್ನು ಜಾಲಾಡಿ ತನಿಖೆ ನಡೆಸಿದ ಎನ್‌ಐಎ, ಮುಖ್ಯ ಆರೋಪಿಗಳಿಬ್ಬರನ್ನು ಏಪ್ರಿಲ್ 12ರಂದು ಬಂಗಾಳದಲ್ಲಿ ಹಿಡಿಯಿತು. ಕುರುಹು ಹಿಡಿದು ಹೋಗುವ ದಾರಿ ಇದು.

ನಮ್ಮೂರಿಗೂ ಬೇಕಾದ ಪಾಠ

ಇವತ್ತಿನ ಯುಎಪಿಎ ಕಾಯ್ದೆಯಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷಿಯಲ್ಲ. ಅಷ್ಟರಮಟ್ಟಿಗೆ ಟಾಡಾಕ್ಕಿಂತ ವಾಸಿ. ಆದರೆ ಜಾಮೀನು ಈಗಲೂ ಬಲು ಬಿಗಿ. ಚಾರ್ಜ್‌ಶೀಟಿಗೆ 180 ದಿನದವರೆಗೂ ಕಾಲಾವಕಾಶ ಉಂಟು. ವಿಚಾರಣೆ ವಿಪರೀತ ತಡವಾದರೆ ಇಂಥ ಕೇಸಿನಲ್ಲೂ ಜಾಮೀನು ಕೊಡಬಹುದೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿರುವುದೊಂದೇ ಸಮಾಧಾನ.

2024ರ ಸೆಪ್ಟೆಂಬರಿನಲ್ಲಿ ನಾಗಮಂಗಲ, 2025ರ ಸೆಪ್ಟೆಂಬರಿನಲ್ಲಿ ಮದ್ದೂರು. ಎರಡೂ ಕಡೆ ಗಣಪತಿ ಮೆರವಣಿಗೆಯಲ್ಲಿ ಗಲಾಟೆಯಾಯಿತು. ನಾಗಮಂಗಲದಲ್ಲಿ ಅಂಗಡಿಗಳಿಗೆ ಬೆಂಕಿ ಬಿತ್ತು. ಇದು ಭಯೋತ್ಪಾದನೆಯಲ್ಲ, ಆದರೆ ಪ್ರಶ್ನೆ ಅದೇ. ಕಲ್ಲು ಎಸೆದವನನ್ನು ಹಿಡಿಯಬೇಕೋ, ಅವನ ಬೀದಿಯವರನ್ನೆಲ್ಲ ಹಿಡಿಯಬೇಕೋ? ತಪ್ಪಿತಸ್ಥ ಯಾವ ಜಾತಿಯವನಾದರೂ ಶಿಕ್ಷೆಯಾಗಲಿ. ಆದರೆ ಅವನ ಬದಲು ಅವನ ಕೋಮಿನ ಮೇಲೆ ಗುಮಾನಿ ಬಿದ್ದರೆ ಪಕ್ಕದಂಗಡಿಯವನ ಹತ್ತಿರ ಚಿಲ್ಲರೆ ಕೇಳುವ ಬಳಕೆಯೂ ನಿಂತುಹೋಗುತ್ತದೆ. ಅಂಥ ಊರಿನಲ್ಲಿ ಮುಂದಿನ ಕಿಡಿಗೇಡಿಯ ಸುಳಿವು ಯಾರೂ ಯಾರಿಗೂ ಕೊಡುವುದಿಲ್ಲ.

ಯಾರನ್ನೇ ಹಿಡಿದರೂ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಕಳ್ಳನಿಗೆ ತೋರಿಸುವ ದಯೆಯಲ್ಲ. ನಿಜವಾದ ಕಳ್ಳ ಯಾರು, ಸಿಕ್ಕಿಬಿದ್ದ ಬಡಪಾಯಿ ಯಾರು ಎಂದು ಬೇಗ ಬೇರೆ ಮಾಡುವ ಉಪಾಯ. ಅನುಮಾನ ಕಂಡರೆ ಠಾಣೆಗೆ ತಿಳಿಸುವುದು ಊರಿನವರ ಧರ್ಮ. ತಿಳಿಸಿದ್ದನ್ನು ವಿಚಾರಿಸಿ, ಆಮೇಲೆ ಕೈ ಹಾಕುವುದು ಪೊಲೀಸರ ಧರ್ಮ. ಮಗನನ್ನು ಕಳೆದುಕೊಂಡ ಆ ಮೈಸೂರಿನ ತಂದೆಯೇ ಕಾನೂನನ್ನು ನಂಬಿ ಕೋರ್ಟಿಗೆ ಹೋದರು. ಅವರಿಗಿಂತ ಹೆಚ್ಚಿನ ಸಿಟ್ಟು ನಮಗೆ ಯಾಕೆ ಬರಬೇಕು?